ಎರಡು ಕಣ್ಣು, ನಾಲ್ವರಿಗೆ ನೋಟ: ನಿಮಗಿದು ಗೊತ್ತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ ಗರಿಯ ತುದಿ ಕಣ್ಣಿಗೆ ಹೊಡೆಯುವುದು, ಕಾಯಿ ಸುಲಿಯುವಾಗ ನಾರಿನ ಚೂರು ಸಿಡಿಯುವುದು ಅಪರೂಪವಲ್ಲ. ಗಿಡಮರದ ಚೂರಿನಿಂದಾದ ಗಾಯಕ್ಕೆ ಶಿಲೀಂಧ್ರ ಹತ್ತಿದರೆ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ, ಬೆಳ್ಳಗಾಗಿ ನೋಟವೇ ಹೋಗಬಹುದು. ಆಗ ಹಲವರಿಗೆ ಉಳಿಯುವ ದಾರಿ ಕಾರ್ನಿಯಾ ಕಸಿ.

1905ರಲ್ಲಿ ಎಡುವಾರ್ಡ್ ಜಿರ್ಮ್ ಮೊದಲ ಯಶಸ್ವಿ ಕಸಿ ಮಾಡಿದರು. ಆಮೇಲೆ ಬಹುಕಾಲ ಒಂದು ಕಣ್ಣು ಒಬ್ಬರಿಗೆ ಎಂಬುದೇ ಲೆಕ್ಕ. ಅದನ್ನು ಬದಲಿಸಲು ನೆರವಾದವರು ನೆದರ್‌ಲ್ಯಾಂಡ್ಸ್‌ನ ಶಸ್ತ್ರವೈದ್ಯ ಗೆರಿಟ್ ಮೆಲ್ಲೆಸ್. ಅರ್ಧ ಮಿಲಿಮೀಟರಿನಷ್ಟು ದಪ್ಪದ ಕಾರ್ನಿಯಾದಲ್ಲಿ ಕೆಟ್ಟ ಹಿಂಪದರವನ್ನಷ್ಟೇ ಬದಲಿಸುವ ವಿಧಾನವನ್ನು ಅವರು 1998ರಲ್ಲಿ ಪ್ರಕಟಿಸಿದರು. ಅಲ್ಲಿಗೇ ನಿಲ್ಲದೆ, 2006ರ ಹೊತ್ತಿಗೆ ಕೂದಲಿಗಿಂತ ತೆಳ್ಳನೆಯ ಪೊರೆಯೊಂದನ್ನೇ ಕಸಿ ಮಾಡುವ ಮಟ್ಟ ಮುಟ್ಟಿದರು. ಒಂದೇ ಸಮಸ್ಯೆಗೆ ಇಷ್ಟು ವರ್ಷ ಅಂಟಿಕೊಂಡ ಆ ಛಲ ನಿಜಕ್ಕೂ ದೊಡ್ಡದು.

ಇದೇ ಬಗೆಯ ಪದರ ಕಸಿಯ ಫಲವನ್ನು ಕರ್ನಾಟಕ ಕಣ್ಣಾರೆ ಕಂಡಿತು. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರಿಂದ ದಾನವಾಗಿ ಬಂದ ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪದರಗಳಾಗಿ ಬಿಡಿಸಿದರು. ಮುಂಪದರ ಇಬ್ಬರಿಗೆ, ಹಿಂಪದರ ಇನ್ನಿಬ್ಬರಿಗೆ.

ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ನೇತ್ರದಾನಕ್ಕೆ ಅಡ್ಡಿಯಲ್ಲ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕು. ನೇತ್ರ ಬ್ಯಾಂಕಿನ ತಂಡ ಬರುವತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆದಿಂಬು ಎತ್ತರಿಸಿ, ಫ್ಯಾನ್ ನಿಲ್ಲಿಸಿ.