ಒಡೆದ ಏರಿಗೆ ಮೊದಲ ಬುಟ್ಟಿ ಮಣ್ಣು

ಕೋಲಾರವೆಂದೊಡನೆ ನೆನಪಾಗುವುವು ಎರಡು: ಚಿನ್ನ ಮತ್ತು ಬರ. ಆ ಸೀಮೆಗೂ ನೆರೆಗೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ಆದರೆ ಬೇತಮಂಗಲದ ಕೆರೆಯ ಕಥೆಯನ್ನು ಬಲ್ಲವರು ಹಾಗೆ ಕೇಳಲಾರರು.

ಇಂದು ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿರುವ, ಬಹುಕಾಲ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಈ ಊರಿಗೆ ವಿಜಯಾದಿತ್ಯಮಂಗಲವೆಂಬುದು ಹಳೆಯ ಹೆಸರು. ಇಲ್ಲಿನ ದೊಡ್ಡ ಕೆರೆ ಪಾಲಾರ್ ನದಿಗೆ ಅಡ್ಡಲಾಗಿ ಮಲಗಿದೆ. ನಂದಿಯ ಬೆಟ್ಟಗಳ ಕಡೆಯಿಂದ ಇಳಿದು, ಕರ್ನಾಟಕದಲ್ಲಿ ಸುಮಾರು ೯೩ ಕಿಲೋಮೀಟರು ಸಾಗಿ ಆಂಧ್ರಕ್ಕೂ ಅಲ್ಲಿಂದ ತಮಿಳುನಾಡಿಗೂ ಹೋಗುವ ಪಾಲಾರ್, ವರ್ಷದ ಬಹುಭಾಗ ಬರಿಯ ಮರಳಿನ ಹಾದಿ. ಅದರ ಉದ್ದಕ್ಕೂ ಹಿಂದಿನವರು ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಆಧಾರ. ಮಳೆ ಹದವಾಗಿದ್ದರೆ ಇದಕ್ಕಿಂತ ಜಾಣತನದ ಏರ್ಪಾಡಿಲ್ಲ. ಮಳೆ ಹದ ಮೀರಿ ಮೇಲಿನ ಒಂದು ಏರಿ ಬಾಯಿಬಿಟ್ಟರೆ ಮಾತ್ರ ಅಷ್ಟೂ ನೀರು ಒಮ್ಮೆಗೇ ಕೆಳಗಿನ ಏರಿಯ ಮೇಲೆ ಬೀಳುತ್ತದೆ.

೧೯೦೩ರ ನವೆಂಬರಿನಲ್ಲಿ ಹೀಗೆಯೇ ಆಯಿತು. ಬೇತಮಂಗಲದ ಕೆರೆ ಒಡೆಯಿತು. ಪಾಲಾರ್ ಉಕ್ಕಿ ತಮಿಳುನಾಡಿನ ವಾಣಿಯಂಬಾಡಿಯ ಮೇಲೆ ಎರಗಿ ಬಹಳ ಮಂದಿಯನ್ನು ಬಲಿತೆಗೆದುಕೊಂಡಿತು. ಚಿನ್ನದ ಗಣಿಯ ಜನರ ಬಾಯಾರಿಕೆಯನ್ನು ನೀಗಬೇಕಾಗಿದ್ದ ಕೆರೆಯೂ ಇದೇ ಆದುದರಿಂದ, ಅದನ್ನು ಮತ್ತೆ ಕಟ್ಟದೆ ಗತಿಯಿರಲಿಲ್ಲ, ಕಟ್ಟಿದರು.

ಅದು ಮೊದಲ ದುರಸ್ತಿಯೇನೂ ಆಗಿರಲಿಲ್ಲ. ಹತ್ತನೆಯ ಶತಮಾನದಲ್ಲಿ ಒಡೆದಿದ್ದ ಈ ಕೆರೆಯನ್ನು ನೊಳಂಬ ದೊರೆ ಇರಿವ ನೊಳಂಬನು ಕಟ್ಟಿಸಿದನೆಂದೂ, ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬನು ಮತ್ತೊಮ್ಮೆ ಸರಿಪಡಿಸಿದನೆಂದೂ ಶಾಸನಗಳಿಂದ ತಿಳಿಯುತ್ತದೆ. ಕಲ್ಲಿನಲ್ಲಿ ಉಳಿದದ್ದು ದೊರೆಯ ಹೆಸರು, ದಂಡನಾಯಕನ ಕೀರ್ತಿ. ಬುಟ್ಟಿ ಹೊತ್ತವರ ಹೆಸರನ್ನು ಯಾವ ಶಾಸನ ಬರೆದೀತು?

ಆ ಹೆಸರಿಲ್ಲದವರೇ ಕೆರೆಯನ್ನು ಉಳಿಸಿಕೊಂಡು ಬಂದವರು. ಕೆರೆಯನ್ನು ನೋಡಿಕೊಳ್ಳುವವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಈ ನಾಡಿನಲ್ಲಿತ್ತು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತೂಬನ್ನು ಎತ್ತಿ ಇಳಿಸುವ ನೀರುಗಂಟಿ, ಮಣ್ಣುಕಲ್ಲಿನ ಕೆಲಸದಲ್ಲಿ ನುರಿತ ಒಡ್ಡರು, ಪಾಲಿಗೆ ಬಂದಷ್ಟು ಮಣ್ಣು ಹೊರುವ ರೈತರು: ಇವರದೇ ಮರಾಮತ್ತು. ಬ್ರಿಟಿಷರ ಆಡಳಿತದಲ್ಲಿ ಕೆರೆಗಳು ಸರಕಾರದ ಇಲಾಖೆಯ ಕೈಸೇರಿದ ಮೇಲೆ ಈ ಕಟ್ಟು ಸಡಿಲವಾಯಿತು. ಊರಿನವರ ಹೊಣೆಯನ್ನು ಮರಳಿ ತರಲೆಂದು ಮೈಸೂರು ಸರಕಾರ ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನೇ ಮಾಡಿತು. ೨೦೦೨ರಲ್ಲಿ ಜಲಸಂವರ್ಧನೆಯ ಯೋಜನೆ ಬಂದಾಗಲೂ ಹೊರಟದ್ದು ಅದೇ ದಾರಿಯಲ್ಲಿ. ತಾನೇ ಬಿಡಿಸಿದ ಗಂಟನ್ನು ಸರಕಾರ ತಾನೇ ಮತ್ತೆ ಹಾಕಹೊರಟಂತಾಯಿತು!

ನೆರೆ ಇಳಿದ ಊರಿಗೆ ನೆರವಾಗಲು ಹೋಗುವ ತರುಣರು ಮೊದಲು ಬಿದ್ದ ಮನೆಯ ಕಡೆಗೆ ಓಡುತ್ತಾರೆ. ಅದು ಸಹಜವಾದ ಮರುಕ. ಆದರೆ ಹಿಂಗಾರು ಇನ್ನೂ ಮುಗಿಯದಿದ್ದಾಗ ಮೊದಲ ಬುಟ್ಟಿ ಮಣ್ಣು ಬೀಳಬೇಕಾದದ್ದು ಏರಿಗೆ. ಮೂರು ದಿನ ದುಡಿದು ಎಬ್ಬಿಸಿದ ಗೋಡೆಯನ್ನು ಮತ್ತೊಂದು ರಾತ್ರಿಯ ನೀರು ಒಯ್ಯಬಾರದಲ್ಲ! ಒಡಕಿನ ಬಾಯಿಗೆ ಮರಳಿನ ಚೀಲ ಒಡ್ಡಿದರೆ ಅಂದಿನ ಗಂಡಾಂತರ ತಪ್ಪೀತು, ಅಷ್ಟೆ. ಗಟ್ಟಿಯಾದ ದುರಸ್ತಿ ಬೇರೆ. ಹಳೆಯ ಏರಿಯ ಅಂಚನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿಯಬೇಕು. ಹೊಸ ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯಬೇಕು. ಒಳಮೈಗೆ ಕಲ್ಲು ಹೊದಿಸಬೇಕು. ಅವಸರದಲ್ಲಿ ಸುರಿದ ಮಣ್ಣು ಹಳೆಯ ಮಣ್ಣಿನೊಡನೆ ಬೆಸೆಯುವುದಿಲ್ಲ. ನೀರು ಆ ಸಂದನ್ನೇ ಹುಡುಕುತ್ತದೆ.

ಮನೆಯ ಕೆಲಸಕ್ಕೂ ತಾಳ್ಮೆ ಬೇಕು. ಮಣ್ಣಿನ ಗೋಡೆ ನೆನೆದು ಕುಸಿಯುವುದು ಬುಡದಿಂದ. ಮೇಲೆ ಸುಣ್ಣ ಬಳಿದು ಚೆಂದ ಮಾಡಿದರೆ ಛಾಯಾಚಿತ್ರಕ್ಕೆ ಆದೀತು, ವಾಸಕ್ಕಲ್ಲ. ಮಾಡಿನ ಭಾರಕ್ಕೆ ಆನಿಕೆ ಕೊಟ್ಟು, ಬುಡದ ಹಸಿಮಣ್ಣನ್ನು ತೆಗೆದು ಕಲ್ಲು ಕೂರಿಸಿ, ಗೋಡೆ ಒಣಗುವವರೆಗೆ ಕಾಯಬೇಕು. ಅಷ್ಟರವರೆಗೆ ಸಂಸಾರಗಳಿಗೆ ಶಾಲೆಯೋ ದೇವಸ್ಥಾನದ ಜಗಲಿಯೋ ಮನೆಯಾಗುತ್ತದೆ. ಹೀಗಾಗಿ ಏರಿಯ ಬಳಿಕ ಶಾಲೆಯ ಮಾಡಿಗೆ ಎರಡನೆಯ ಸರದಿ. ಯಾರ ಮನೆ ಮೊದಲು ಎಂಬ ಜಗಳವೂ ಅದರಿಂದ ಅರ್ಧ ಕಡಮೆಯಾಗುತ್ತದೆ.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಬರಗಾಲದ ಸಾಲುಸಾಲು ವರ್ಷಗಳಲ್ಲಿ ಪಾಲಾರ್ ಮತ್ತೆ ಹರಿದೀತೆಂಬ ನಂಬಿಕೆಯೂ ಕುಂದಿತ್ತು. ೨೦೨೧ರ ನವೆಂಬರಿನಲ್ಲಿ ಅದೇ ಪಾಲಾರ್ ಎದ್ದು ಬಂದು, ತಮಿಳುನಾಡಿನ ವೆಲ್ಲೂರಿನ ಕಡೆ ೧೯೦೩ರ ಬಳಿಕ ಕಾಣದಷ್ಟು ನೀರನ್ನು ಹರಿಸಿತು. ಬರದ ಕಾಲದಲ್ಲಿ ಏರಿಯ ಮೇಲೆ ಬೆಳೆದ ಜಾಲಿಯ ಬೇರು ಎಲ್ಲೆಲ್ಲಿ ಇಳಿದಿದೆಯೆಂದು ನೋಡಿ ಕೀಳುವ ಕೆಲಸ ಪ್ರತಿ ಬೇಸಗೆಯಲ್ಲೂ ಇದೆ. ಅದಕ್ಕೆ ನೆರೆ ಬರುವವರೆಗೆ ಕಾಯಬೇಕಾಗಿಲ್ಲ.