ಇಳಿವಯಸ್ಸಿನ ಅಕ್ಷರಾಭ್ಯಾಸ

ಕೊಳ್ಳೇಗಾಲದಿಂದ ಹೊರಟು, ಲೊಕ್ಕನಹಳ್ಳಿಯನ್ನು ದಾಟಿ, ಕಾಡಿನ ಅಂಚನ್ನು ಹಿಡಿದು ಸಾಗುವ ಹಾದಿಯಲ್ಲಿ ಒಡೆಯರಪಾಳ್ಯವೆಂಬ ಊರಿದೆ. ಇನ್ನೂ ಮುಂದರಿದರೆ ಹಾಸನೂರಿನ ಕಡೆಗೆ ತಮಿಳುನಾಡಿನ ಗಡಿ. 1956ನೆಯ ಇಸವಿ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಯಾಯಿತು. 1997ರಿಂದ ಚಾಮರಾಜನಗರ ಜಿಲ್ಲೆ. ಈಚೆಗೆ ಹನೂರು ತಾಲ್ಲೂಕು. ಕುಳಿತ ಜಗುಲಿಯಿಂದ ಏಳದೆಯೇ ಮೂರು ಜಿಲ್ಲೆಗಳನ್ನು ಕಂಡ ವೃದ್ಧರು ಈ ಸೀಮೆಯಲ್ಲಿದ್ದಾರೆ. ಆದರೆ ಕಚೇರಿಯ ಊರು ಬದಲಾದರೂ ಕಚೇರಿಯ ರೀತಿ ಬದಲಾಗಿರಲಿಲ್ಲ. ಅರ್ಜಿ, ಮೊಹರು, ಹೆಬ್ಬೆಟ್ಟು, ಇಷ್ಟೇ. ಅದು ಬದಲಾದುದು ಗಣಕಯಂತ್ರ ಬಂದ ಮೇಲೆ.

2000ದಿಂದ 2002ರ ಒಳಗೆ ನಮ್ಮ ರಾಜ್ಯದ ಸರಕಾರವು ‘ಭೂಮಿ’ ಎಂಬ ಯೋಜನೆಯಿಂದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಅಂದಿನಿಂದ ಬೆಲೆಯಿಲ್ಲದಾಯಿತು. 2014ರಲ್ಲಿ ಪಿಂಚಣಿದಾರನು ತಾನು ಬದುಕಿರುವೆನೆಂಬುದನ್ನು ಯಂತ್ರದ ಮುಂದೆ ಸಾಬೀತು ಮಾಡುವ ಏರ್ಪಾಡು ಬಂದಿತು. 2016ರಲ್ಲಿ ಫೋನಿನಿಂದಲೇ ಹಣ ಕೊಡುವ ಯುಪಿಐ ಬಂದು, ಈಗ ಸೊಪ್ಪು ಮಾರುವಾಕೆಯ ಬುಟ್ಟಿಯ ಪಕ್ಕದಲ್ಲಿಯೂ ಆ ಚೌಕಾಕಾರದ ಚಿತ್ರವಿದೆ. ಇವೆಲ್ಲ ಅನುಕೂಲಗಳೇ, ಅನುಮಾನವಿಲ್ಲ. ಆದರೆ ಈ ಅನುಕೂಲದ ಬಾಗಿಲಿಗೆ ಬೀಗದ ಕೈ ಹೊಸದು. ಅದು ಮನೆಯ ಹಿರಿಯರ ಸೊಂಟದಲ್ಲಿಲ್ಲ, ಮೊಮ್ಮಕ್ಕಳ ಜೇಬಿನಲ್ಲಿದೆ. ಐವತ್ತು ವರ್ಷ ಸಂಸಾರದ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡ ಗೃಹಿಣಿಯು ತನ್ನ ಖಾತೆಯಲ್ಲಿ ಎಷ್ಟಿದೆಯೆಂದು ತಿಳಿಯಲು ಹದಿನಾಲ್ಕರ ಹುಡುಗನನ್ನು ಕಾಡಬೇಕಾದರೆ ಆಕೆಗೆ ಹೇಗಾಗಬೇಡ!

ನನಗೂ ಹೀಗೆಯೇ ಆಯಿತು. ಅರ್ಜಿ ತುಂಬಿಸಿಕೊಡುವ ಅಂಗಡಿಯೊಂದರಲ್ಲಿ ಫೋನನ್ನು ಮೇಜಿನ ಮೇಲಿಟ್ಟು, ಬಂದ ಗುಪ್ತಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಅಂಗಡಿಯಾತ ಪ್ರಾಮಾಣಿಕನೇ ಇರಬಹುದು. ಆದರೆ ಸರದಿಯಲ್ಲಿ ನಿಂತ ಹತ್ತು ಜನರೂ ಆ ಸಂಖ್ಯೆಯನ್ನು ಕೇಳಿದರು. ಮನೆಗೆ ಬಂದ ಮೇಲೆ, ಅರುವತ್ತಮೂರನೆಯ ವಯಸ್ಸಿನಲ್ಲಿ, ಕಲಿಯಲೇಬೇಕೆಂದು ನಿಶ್ಚಯಿಸಿದೆ.

ಕಲಿಸುವವರು ಯಾರು? ಕೇಂದ್ರ ಸರಕಾರವು 2017ರಲ್ಲಿ ಗ್ರಾಮಾಂತರದ ಮನೆಮನೆಗೂ ಒಬ್ಬೊಬ್ಬರಿಗೆ ಗಣಕಜ್ಞಾನ ಕೊಡುವ ದೊಡ್ಡ ಯೋಜನೆಯೊಂದನ್ನು ಹೂಡಿತು. ಪಾಠ 20 ಗಂಟೆಗಳದು, ಶುಲ್ಕವಿಲ್ಲ. 2024ರ ಮಾರ್ಚಿಯಲ್ಲಿ ಅದು ಮುಗಿಯುವ ವೇಳೆಗೆ 6 ಕೋಟಿಗೂ ಮಿಕ್ಕಿ ಜನರು ತರಬೇತಿ ಪಡೆದಿದ್ದರು. ಮೆಚ್ಚತಕ್ಕ ಕೆಲಸವೇ ಸರಿ. ಆದರೆ ಅದರ ನಿಯಮದಲ್ಲಿ ವಯಸ್ಸು 14ರಿಂದ 60 ಎಂದು ಬರೆದಿತ್ತು. ಅರುವತ್ತು ತುಂಬಿದವನಿಗೆ ಪಿಂಚಣಿಗಾಗಿ ಯಂತ್ರದ ಮುಂದೆ ನಿಲ್ಲುವ ಹೊಣೆಯುಂಟು, ಆ ಯಂತ್ರವನ್ನು ಕಲಿಯುವ ಅವಕಾಶ ಮಾತ್ರ ಇಲ್ಲ! ನೆರೆಯ ಕೇರಳದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಸ್ವಯಂಸೇವಕರು ಕಾಸರಗೋಡಿನ ಕನ್ನಡದ ಮನೆಗಳೂ ಸೇರಿದಂತೆ ರಾಜ್ಯವೆಲ್ಲ ತಿರುಗಿ, ಸುಮಾರು 21 ಲಕ್ಷ ಜನರಿಗೆ ಫೋನಿನ ಬಳಕೆಯನ್ನು ಕಲಿಸಿದರು; 2025ರ ಆಗಸ್ಟಿನಲ್ಲಿ ರಾಜ್ಯವನ್ನೇ ‘ಡಿಜಿಟಲ್ ಸಾಕ್ಷರ’ವೆಂದು ಸಾರಿದರು. ಕಲಿತವರಲ್ಲಿ ನೂರು ದಾಟಿದವರೂ ಇದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂದು ಹೆಸರಿಟ್ಟು, ಅನೇಕ ಕಡೆ ಗಣಕಯಂತ್ರಗಳನ್ನು ಇರಿಸಿದ್ದಾರೆ. ಅಲ್ಲಿ ಮಕ್ಕಳೇ ಹೆಚ್ಚು. ಆದರೆ ಹಿರಿಯರು ಹೋಗಬಾರದೆಂಬ ಫಲಕವೇನೂ ಇಲ್ಲ.

ಒಡೆಯರಪಾಳ್ಯದ ಸುತ್ತಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 1970ರ ದಶಕದಲ್ಲಿ ಅಲ್ಲಿ ಟಿಬೆಟನ್ನರ ‘ಧೊಂಡೆನ್‌ಲಿಂಗ್’ ನೆಲೆ ಏರ್ಪಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದವರು ಈಗ ಮುದುಕರು. ಮಕ್ಕಳಲ್ಲಿ ಅನೇಕರು ಪರದೇಶಗಳಲ್ಲಿದ್ದಾರೆ. ಪಕ್ಕದ ಕನ್ನಡದ ಹಳ್ಳಿಗಳ ಕಥೆಯೂ ಬೇರೆಯಲ್ಲ. ಅಲ್ಲಿಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅಷ್ಟೇ ವ್ಯತ್ಯಾಸ. ಎರಡು ಕಡೆಗೂ ಫೋನೆಂದರೆ ಮೊದಲು ಮಗನ ಮುಖ, ಆಮೇಲೆ ಉಳಿದುದು. ಕನ್ನಡ ಲಿಪಿಯು 1991ರಲ್ಲಿ ಜಗತ್ತಿನ ಗಣಕಯಂತ್ರಗಳಿಗೆಲ್ಲ ಸಾಮಾನ್ಯವಾದ ‘ಯೂನಿಕೋಡ್’ ಪಟ್ಟಿಯಲ್ಲಿ ಸೇರಿತು. 1996ರಲ್ಲಿ ಟಿಬೆಟನ್ ಲಿಪಿಗೂ ಅಲ್ಲಿ ಸ್ಥಾನ ದೊರೆಯಿತು. ಆದುದರಿಂದ ಇಂಗ್ಲಿಷ್ ಬಾರದೆಂಬ ನೆಪ ಇಬ್ಬರಿಗೂ ಈಗ ಉಳಿದಿಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂದು ಗಾದೆ ಹೇಳುವವರುಂಟು. ಗಾದೆಗೆ ಎದುರಾಗಿ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಅಮೆರಿಕದ ಟೆಕ್ಸಾಸಿನಲ್ಲಿ 60ರಿಂದ 90 ವಯಸ್ಸಿನ 221 ಮಂದಿಯನ್ನು ಕೂಡಿಸಿ, ಕೆಲವರಿಗೆ ಗಣಕಯಂತ್ರದ ಸಹಾಯದಿಂದ ಛಾಯಾಚಿತ್ರ ತಿದ್ದುವುದನ್ನೂ ಕೆಲವರಿಗೆ ಕೌದಿ ಹೊಲಿಯುವುದನ್ನೂ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕಲಿಸಿದರು. ಉಳಿದವರು ಮಾತುಕತೆ, ಸಂಗೀತ, ಸುಲಭದ ಆಟಗಳಲ್ಲಿ ಕಾಲ ಕಳೆದರು. 2014ರಲ್ಲಿ ಪ್ರಕಟವಾದ ಫಲವೇನೆಂದರೆ, ಕಷ್ಟಪಟ್ಟು ಹೊಸದನ್ನು ಕಲಿತವರ ಜ್ಞಾಪಕಶಕ್ತಿ ಮೊದಲಿಗಿಂತ ಸುಧಾರಿಸಿತ್ತು. ಜಪಾನಿನ ಮಸಾಕೊ ವಾಕಮಿಯಾ ಎಂಬಾಕೆ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗುವ ಕಾಲದಲ್ಲಿ ಮೊದಲ ಗಣಕಯಂತ್ರವನ್ನು ಕೊಂಡಳು. ಮುದಿ ತಾಯಿಯ ಶುಶ್ರೂಷೆಗಾಗಿ ಮನೆಯಲ್ಲೇ ಇರಬೇಕಾದಾಗ ಹೊರಗಿನವರೊಡನೆ ಮಾತಾಡುವುದಕ್ಕಾಗಿ. 2017ರಲ್ಲಿ, 81ನೆಯ ವಯಸ್ಸಿನಲ್ಲಿ, ಬೊಂಬೆಹಬ್ಬದ ಬೊಂಬೆಗಳನ್ನು ಕ್ರಮವಾಗಿ ಜೋಡಿಸುವ ಆಟವೊಂದನ್ನು ಫೋನಿಗಾಗಿ ತಾನೇ ರಚಿಸಿದಳು. ನಮ್ಮ ದಸರೆಯ ಬೊಂಬೆ ಕೂರಿಸುವ ಗೃಹಿಣಿಯರಿಗೆ ಇದು ರುಚಿಸೀತು.

ಇನ್ನು ಅಭ್ಯಾಸದ ಮಾತು. ಫೋನಿನ ಗಾಜನ್ನು ಹಿರಿಯರು ವಿದ್ಯುದ್ದೀಪದ ಗುಂಡಿಯಂತೆ ಒತ್ತುತ್ತಾರೆ. ಇದೇ ಮೊದಲ ತೊಡಕು. ಗಾಜು ಒತ್ತಡವನ್ನು ಅರಿಯದು. ಚರ್ಮದ ಸ್ಪರ್ಶದಿಂದ ವಿದ್ಯುತ್ತಿನಲ್ಲಾಗುವ ಸೂಕ್ಷ್ಮ ವ್ಯತ್ಯಾಸವನ್ನು ಮಾತ್ರ ಅರಿಯುತ್ತದೆ. ಬೆರಳನ್ನು ಬಹಳ ಹೊತ್ತು ಇಟ್ಟರೆ ಅದು ಬೇರೆಯೇ ಅಪ್ಪಣೆಯೆಂದು ತಿಳಿದು ಇನ್ನೇನನ್ನೋ ತೆರೆಯುತ್ತದೆ. ಆಗ ‘ನಾನು ಕೆಡಿಸಿದೆ’ ಎಂದು ಹೆದರುತ್ತೇವೆ. ಕುಂಕುಮ ಮುಟ್ಟುವಂತೆ ಹಗುರವಾಗಿ ಮುಟ್ಟಿ ಬಿಡಬೇಕು. ಒಣಗಿದ ಬೆರಳಾದರೆ ಕೊಂಚ ತೇವ ಮಾಡಿಕೊಂಡು ಒರೆಸಿದರೆ ಸಾಕು. ಹೊಲದ ಕೆಲಸದಿಂದ ಬೆರಳಚ್ಚೇ ಸವೆದವರಿಗೆ, ಮುಖವನ್ನು ತೋರಿಸಿ ಜೀವಂತವೆಂದು ದಾಖಲಿಸುವ ಕ್ರಮವೂ 2021ರಿಂದ ಪಿಂಚಣಿದಾರರಿಗೆ ದೊರೆತಿದೆ. ಮೇಜಿನ ಗಣಕಯಂತ್ರವಾದರೆ ‘ಮೌಸ್’ ಎಂಬ ಇಲಿಯನ್ನು ಅಂಗೈ ಊರಿ ಹಿಡಿಯಬೇಕು. ಎರಡು ಸಲ ಚಕಚಕನೆ ಒತ್ತಲಾಗದವರಿಗಾಗಿ ಆ ವೇಗವನ್ನು ತಗ್ಗಿಸಬಹುದು, ಅಕ್ಷರಗಳನ್ನು ಹಿಗ್ಗಿಸಬಹುದು. ಕಲಿಸುವ ಹುಡುಗರು ಇದನ್ನು ಮೊದಲು ಮಾಡಿಕೊಡಬೇಕು, ಆಮೇಲೆ ಪಾಠ.

ಕನ್ನಡ ಬರೆಯುವುದಕ್ಕೆ ದಾರಿಗಳು ಹಲವು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ‘ನುಡಿ’ಯಲ್ಲಿ ಬಳಕೆಗೆ ಬಂದ ಕ್ರಮಕ್ಕೆ ತಳಹದಿ. ಅದರಲ್ಲಿ ಇಂಗ್ಲಿಷಿನ ‘ಎಫ್’ ಕೀಲಿಯು ಒತ್ತಕ್ಷರದ ಕೊಂಡಿ. ‘ಎ, ಎಂ, ಎಫ್, ಎಂ’ ಎಂದು ಕ್ರಮವಾಗಿ ಒತ್ತಿದರೆ ‘ಅಮ್ಮ’ ಮೂಡುತ್ತಾಳೆ. ಕಾಗುಣಿತ ಬಲ್ಲವರಿಗೆ ಎರಡು ವಾರದ ಅಭ್ಯಾಸ ಸಾಕು. ಇದು ಬೇಡವೆಂಬವರು ಫೋನಿನ ಗಾಜಿನ ಮೇಲೆ ಬೆರಳಿನಿಂದಲೇ ಬರೆಯಬಹುದು. ಯಂತ್ರವು ಅದನ್ನು ಅಚ್ಚಿನ ಅಕ್ಷರವಾಗಿಸುತ್ತದೆ. ಕೂಲಿಮಠದಲ್ಲಿ ಮರಳಿನ ಮೇಲೆ ತಿದ್ದುತ್ತಿದ್ದರೆಂದು ನಮ್ಮ ತಾತ ಹೇಳುತ್ತಿದ್ದುದು ನನಗೆ ಆಗ ನೆನಪಾಯಿತು. 2017ರಿಂದ ಕನ್ನಡದಲ್ಲಿ ಬಾಯಿಂದ ಹೇಳಿಯೂ ಬರೆಸಬಹುದು. ಆದರೆ ನಮ್ಮ ಕಡೆಯ ಆಡುಮಾತಿಗೆ ಅದು ಕೊಡುವ ರೂಪವನ್ನು ನೋಡಿ ಮನೆಯವರೆಲ್ಲ ನಕ್ಕಿದ್ದುಂಟು.

ಕಲಿತವನಿಗೆ ಕಳ್ಳರ ಭಯ ಹೆಚ್ಚಲ್ಲವೆ ಎಂದು ಕೇಳುವಿರಿ. ಕಲಿಯದವನಿಗೂ ಕಳ್ಳನಿದ್ದಾನೆ, ಅವನ ಅರಿವಿಗೆ ಬಾರನು, ಅಷ್ಟೇ. ಮುಖ್ಯವಾದುದು ಎರಡು ಮಾತು. ಯುಪಿಐಯಲ್ಲಿ ಹಣ ಕೊಡುವುದಕ್ಕೆ ಗುಪ್ತಸಂಖ್ಯೆ ಬೇಕು, ಪಡೆಯುವುದಕ್ಕೆ ಬೇಡ. ‘ನಿಮಗೆ ಹಣ ಬರುತ್ತದೆ, ಸಂಖ್ಯೆ ಒತ್ತಿ’ ಎಂದವನು ಮೋಸಗಾರನೇ. ಫೋನಿನಲ್ಲಿ ಮುಖ ತೋರಿಸಿ ‘ನಿಮ್ಮನ್ನು ಬಂಧಿಸಿದ್ದೇವೆ’ ಎನ್ನುವ ಪೋಲೀಸನೂ ಹುಸಿ, ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಮೋಸಹೋದರೆ ಆ ಗಳಿಗೆಯಲ್ಲಿಯೇ 1930ಕ್ಕೆ ಫೋನು ಮಾಡಬೇಕು. ನಾಚಿಕೆಯಿಂದ ಮಕ್ಕಳಿಗೆ ಮುಚ್ಚಿಟ್ಟು ಒಂದು ದಿನ ತಡೆದರೆ ಹಣ ಹತ್ತು ಕೈ ದಾಟಿರುತ್ತದೆ.

ಈ ಲೇಖನದ ಮೊದಲ ಅರ್ಧವನ್ನು ನಾನೇ ಬೆರಳಚ್ಚಿಸಿದೆ. ನಾಲ್ಕು ದಿನ ಹಿಡಿಯಿತು. ನನ್ನ ಜೊತೆಯಲ್ಲಿಯೇ ಕಲಿಯಲು ಕುಳಿತ ಮನೆಯಾಕೆ ಉಳಿದರ್ಧವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ, ನನ್ನ ಭಾಗದಲ್ಲಿದ್ದ ಹನ್ನೊಂದು ತಪ್ಪುಗಳನ್ನೂ ತಿದ್ದಿದಳು.