ರೋನ್ ನದಿಗುಂಟ, ದುಡಿದವರ ದಾರಿಯಲ್ಲಿ

ಫ್ರಾನ್ಸಿನ ಲಿಯೋನ್ ನಗರದ ಕ್ರುವಾ-ರೂಸ್ ಗುಡ್ಡ ಹತ್ತುವಾಗ ಮೊದಲು ಕಣ್ಣಿಗೆ ಬೀಳುವುದು ಮನೆಗಳ ಕಿಟಕಿಗಳು. ಒಂದೊಂದೂ ಆಳೆತ್ತರಕ್ಕಿಂತ ದೊಡ್ಡದು. ಒಳಗೆ ಚಾವಣಿ ಸುಮಾರು 4 ಮೀಟರ್ ಮೇಲಿದೆ. 19ನೇ ಶತಮಾನದಲ್ಲಿ ಈ ಮನೆಗಳನ್ನು ಕಟ್ಟಿದ್ದೇ ಮಗ್ಗಕ್ಕಾಗಿ. ಇದೇ ಊರಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಯಂತ್ರವನ್ನು ಮಗ್ಗದ ಮೇಲೆ ಕೂರಿಸಿದರೆ ಅಷ್ಟು ಎತ್ತರ ಬೇಕಾಗುತ್ತಿತ್ತು, ರೇಷ್ಮೆ ಎಳೆ ಕಾಣಲು ಅಷ್ಟು ಬೆಳಕೂ ಬೇಕಾಗುತ್ತಿತ್ತು. ತೂತು ಕೊರೆದ ರಟ್ಟುಗಳು ಒಂದೊಂದಾಗಿ ಸರಿದಂತೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದು ತಾನೇ ತೀರ್ಮಾನವಾಗುತ್ತದೆ. ನಮ್ಮ ದೊಡ್ಡಬಳ್ಳಾಪುರದ ನೇಕಾರರು ದಿನವೂ ಹೇಳುವ ‘ಜಕಾರ್ಡ್’ ಈತನೇ.

ನೇಕಾರರನ್ನು ಇಲ್ಲಿ ಕಾನ್ಯೂ ಎನ್ನುತ್ತಾರೆ. ಆಗ ಮನೆಯೇ ಕಾರ್ಖಾನೆ; ಹೆಂಡತಿ ಮಕ್ಕಳೂ ಮಗ್ಗದ ಆಳುಗಳು. 1831ರಲ್ಲಿ ನೇಯ್ಗೆಗೆ ಕನಿಷ್ಠ ದರ ನಿಗದಿಯಾಯಿತು. ಹಲವು ವರ್ತಕರು ಅದನ್ನು ಕೊಡಲೊಪ್ಪದಿದ್ದಾಗ ನವೆಂಬರಿನಲ್ಲಿ ಇವರು ಕಪ್ಪು ಬಾವುಟ ಹಿಡಿದು ಈ ಗುಡ್ಡದಿಂದ ಇಳಿದರು. ಕೆಲವು ದಿನ ಇಡೀ ನಗರ ಅವರ ಕೈಯಲ್ಲಿತ್ತು. ಆಮೇಲೆ ಸೈನ್ಯ ಬಂತು, ದರ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ಆಗ ರಕ್ತ ಇನ್ನೂ ಹೆಚ್ಚು ಹರಿಯಿತು. ಇಳಿಜಾರಿನಲ್ಲಿ ಮನೆಗಳ ನಡುವೆಯೇ ನುಗ್ಗಿ ಹೋಗುವ ಟ್ರಾಬೂಲ್ ಎಂಬ ಒಳದಾರಿಗಳಿವೆ. ಬಾಗಿಲು ತಳ್ಳಿದರೆ ಅಂಗಳ, ಅಂಗಳ ದಾಟಿದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಬೇರೆಯದೇ ಬೀದಿ. ಮಳೆಗೆ ನೆನೆಯದಂತೆ ರೇಷ್ಮೆ ಹೊತ್ತು ಸಾಗಿದ ದಾರಿಯಿದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿದ ದಾರಿಯೂ ಹೌದು. ಮೇಲೆ ಜನ ವಾಸವಿದ್ದಾರೆ, ದನಿ ತಗ್ಗಿಸಿ ನಡೆಯಬೇಕು.

ಲಿಯೋನಿನ ಊಟವೂ ಹೀಗೆಯೇ ಬೆವರಿನಿಂದ ಹುಟ್ಟಿದ್ದು. ‘ಬೂಷೋನ್’ ಎಂಬ ಸಣ್ಣ ಊಟದ ಮನೆಗಳಲ್ಲಿ ಮೇಜುಗಳು ಒತ್ತೊತ್ತಾಗಿರುತ್ತವೆ, ಪಕ್ಕದವರ ಮೊಣಕೈ ತಾಗುತ್ತದೆ. ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹಸಿರು ಸೊಪ್ಪು, ಎಣ್ಣೆ, ವಿನೆಗರ್ ಬೆರೆಸಿ ಕಡೆದ ಹಸಿ ಚೀಸ್ ನೇಕಾರರ ಹೆಸರನ್ನೇ ಹೊತ್ತಿದೆ. ಮೀನು ಮಾಂಸ ಬೇಡವೆನ್ನುವವರಿಗೆ ಇದೂ ಬ್ರೆಡ್ಡೂ ಇದ್ದರೆ ಸಾಕು. ಪೈಕ್ ಎಂಬ ಹೊಳೆಮೀನಿನ ತುಂಬ ಮುಳ್ಳು. ಅದನ್ನು ಅರೆದು, ಸೋಸಿ, ಮೊಟ್ಟೆ ಬೆಣ್ಣೆ ಸೇರಿಸಿ ಉಂಡೆ ಕಟ್ಟಿದರೆ ಕೆನೆಲ್. ಬಾಯಿಗಿಟ್ಟರೆ ಬಿಸಿ ಇಡ್ಲಿಯಷ್ಟು ಮೆತ್ತಗೆ. ಈ ಅಡುಗೆಗೆ ಹೆಸರು ತಂದವರು ‘ಮೇರ್’ಗಳು, ಅಂದರೆ ಅಮ್ಮಂದಿರು. ಹಲವರು ಸಿರಿವಂತರ ಮನೆಯ ಅಡುಗೆ ಕೆಲಸ ಬಿಟ್ಟು ಸ್ವಂತ ಊಟದ ಮನೆ ತೆರೆದ ಹೆಂಗಸರು. ಅವರಲ್ಲಿ ಒಬ್ಬಳು, ಬಡ ರೈತರ ಮಗಳು ಯುಜೆನಿ ಬ್ರಾಜಿಯೆ, 1933ರಲ್ಲಿ ತನ್ನ ಎರಡು ಊಟದ ಮನೆಗಳಿಗೂ ದರ್ಜೆ ಕೊಡುವ ಕೈಪಿಡಿ ಮಿಶೆಲಿನ್‌ನ ಮೂರು ಮೂರು ನಕ್ಷತ್ರ ಗಳಿಸಿದಳು. ಜಗತ್ತು ಕೊಂಡಾಡುವ ಬಾಣಸಿಗ ಪಾಲ್ ಬೊಕ್ಯೂಸ್ ಕೆಲಸ ಕಲಿತದ್ದು ಆಕೆಯ ಅಡುಗೆಮನೆಯಲ್ಲಿ. ಬೊಕ್ಯೂಸ್ ಹೆಸರು ಬಲ್ಲ ಪ್ರವಾಸಿಗಳೆಲ್ಲ ಬ್ರಾಜಿಯೆಯ ಹೆಸರನ್ನೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಊರಿನ ದಕ್ಷಿಣ ತುದಿಯಲ್ಲಿ ಸೋನ್ ನದಿ ರೋನ್ ಸೇರುತ್ತದೆ. ಅಲ್ಲಿಂದ ಮುಂದಕ್ಕೆ ರೈಲು ಎಡದಂಡೆ ಹಿಡಿದೇ ಓಡುತ್ತದೆ. ವಿಯೆನ್ ಪಟ್ಟಣದಲ್ಲಿ ಇಳಿದರೆ ಅಂಗಡಿಬೀದಿಯ ನಟ್ಟನಡುವೆ ರೋಮನ್ನರ ದೇಗುಲವೊಂದು ಇನ್ನೂ ಗಟ್ಟಿಯಾಗಿ ನಿಂತಿದೆ. ತ್ಯಾನ್-ಲೆರ್ಮಿಟಾಜ್‌ನಲ್ಲಿ ಸಾಧ್ಯವಾದರೆ ಒಂದು ರಾತ್ರಿ ಉಳಿಯಬೇಕು. ಊರ ಬೆನ್ನಿಗೇ ದ್ರಾಕ್ಷಿಯ ಗುಡ್ಡ. ಕಡಿದಾದ ಬಂಡೆಗೆ ಗಾರೆಯಿಲ್ಲದೆ ಕಲ್ಲು ಪೇರಿಸಿ ಮೆಟ್ಟಿಲು ಗದ್ದೆಯಂತೆ ಮಾಡಿದ್ದಾರೆ. ಯಂತ್ರ ಹತ್ತಲಾರದ ಕಡೆ ಕೆಲಸವೆಲ್ಲ ಕೈಯಿಂದಲೇ. ಮಳೆಗೆ ಜಾರಿದ ಮಣ್ಣನ್ನು ಜನ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರು. ಇಲ್ಲಿಂದ ಎದುರು ದಡದ ತೂರ್ನೋನ್‌ಗೆ 1825ರಲ್ಲಿ ಮಾರ್ಕ್ ಸೆಗೆನ್ ಕಬ್ಬಿಣದ ತಂತಿಗಳ ಹುರಿಯಿಂದ ತೂಗುಸೇತುವೆ ಕಟ್ಟಿದ. ಅದು ಈಗಿಲ್ಲ. ಆತನೇ ನಂತರ ಕಟ್ಟಿದ ಇನ್ನೊಂದು ಉಳಿದಿದೆ, ಅದರ ಮೇಲೆ ನಡೆಯಬಹುದು.

ಸೇತುವೆಯ ಮಧ್ಯೆ ನಿಂತು ನೋಡಿದರೆ ನೀರು ಶಾಂತ. ಸ್ವಿಟ್ಜರ್ಲೆಂಡಿನ ಹಿಮನದಿಯಿಂದ ಹೊರಟು 812 ಕಿಲೋಮೀಟರ್ ಹರಿಯುವ ರೋನ್ ಹಿಂದೆ ಹೀಗಿರಲಿಲ್ಲ. ಕೆಳಕ್ಕೆ ಬರುವ ದೋಣಿಗಳನ್ನು ಸೆಳವು ಎಳೆದೊಯ್ಯುತ್ತಿತ್ತು. ಮೇಲಕ್ಕೆ ಒಯ್ಯಲು ದಡದಲ್ಲಿ ಹತ್ತಾರು ಕುದುರೆಗಳನ್ನು ಹೂಡಿ ವಾರಗಟ್ಟಲೆ ಎಳೆಸುತ್ತಿದ್ದರು. 20ನೇ ಶತಮಾನದಲ್ಲಿ ಸಾಲುಸಾಲಾಗಿ ಅಣೆಕಟ್ಟು, ಕಾಲುವೆ ಬಂದವು. ಬೊಲೆನ್ ಬಳಿ ಹಡಗುಗಳನ್ನು ಏರಿಸಿ ಇಳಿಸುವ ಒಂದೇ ನೀರುಕಟ್ಟೆಯೊಳಗೆ ಹಡಗು ಸುಮಾರು 23 ಮೀಟರ್ ಕೆಳಗಿಳಿಯುತ್ತದೆ. ಫ್ರಾನ್ಸಿನ ಜಲವಿದ್ಯುತ್ತಿನ ಸುಮಾರು ಕಾಲು ಭಾಗ ಈ ನದಿಯದು.

ಅವಿನ್ಯೋನ್ ಹತ್ತಿರವಾದಂತೆ ಮಿಸ್ಟ್ರಾಲ್ ಗಾಳಿ ಮುಖಕ್ಕೆ ರಾಚುತ್ತದೆ. ಇಲ್ಲಿನ ಸಂತ ಬೆನೆಜೆ ಸೇತುವೆಗೆ 12ನೇ ಶತಮಾನದಲ್ಲಿ ಕೆಲಸ ಶುರುವಾಯಿತು. 22 ಕಮಾನುಗಳಿದ್ದವು, ಪ್ರವಾಹ ಬಂದಾಗಲೆಲ್ಲ ಒಂದಷ್ಟು ಕೊಚ್ಚಿಹೋಗಿ ಈಗ ನಾಲ್ಕು ಉಳಿದಿವೆ. ನದಿಯ ಮಧ್ಯದವರೆಗೆ ಹೋಗಿ ಸೇತುವೆ ಥಟ್ಟನೆ ನಿಲ್ಲುತ್ತದೆ. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಇಲ್ಲಿದ್ದರು. ಅವರ ಕೋಟೆಯಂಥ ಅರಮನೆಯ ಕೋಣೆಗಳು ಈಗ ಬಹುಪಾಲು ಖಾಲಿ. ಆ ಖಾಲಿ ಅಂಗಳಕ್ಕೆ ಜೀವ ಬರುವುದು ಜುಲೈ ತಿಂಗಳಲ್ಲಿ, 1947ರಲ್ಲಿ ಝಾನ್ ವಿಲಾರ್ ಆರಂಭಿಸಿದ ನಾಟಕೋತ್ಸವದ ಹೊತ್ತಿಗೆ. 1985ರಲ್ಲಿ ಪೀಟರ್ ಬ್ರೂಕ್ ಹತ್ತಿರದ ಬುಲ್ಬೋನ್ ಕಲ್ಲುಕ್ವಾರಿಯಲ್ಲಿ ಒಂಬತ್ತು ಗಂಟೆಗಳ ಮಹಾಭಾರತ ಆಡಿಸಿದ್ದು ಇದೇ ಉತ್ಸವದಲ್ಲಿ. ದ್ರೌಪದಿಯಾದವರು ಮಲ್ಲಿಕಾ ಸಾರಾಭಾಯಿ. ರಾತ್ರಿಯಿಡೀ ಆಟ ನೋಡಿ ಬೆಳಗಿಗೆ ಮನೆಗೆ ಮರಳುವ ಸುಖ ಬಲ್ಲ ನಮ್ಮ ಕರಾವಳಿಯವರಿಗೆ ಆ ಪ್ರೇಕ್ಷಕರ ಮನಸ್ಸು ಚೆನ್ನಾಗಿ ಅರ್ಥವಾದೀತು.

ಆರ್ಲ್ ಪಟ್ಟಣಕ್ಕೆ ಬಂದವರು ವಾನ್ ಗೋಗ್ ಹೆಜ್ಜೆ ಹುಡುಕುತ್ತಾರೆ, ಹುಡುಕಲಿ. ಆದರೆ ಪುರಾತನ ವಸ್ತುಗಳ ಮ್ಯೂಸಿಯಂ ಬಿಡಬಾರದು. ನದಿಯ ಕೆಸರಿನಿಂದ 2011ರಲ್ಲಿ ಮೇಲೆತ್ತಿದ, ಮೊದಲ ಶತಮಾನದ, 31 ಮೀಟರ್ ಉದ್ದದ ಸರಕು ದೋಣಿ ಅಲ್ಲಿದೆ. ಕಟ್ಟಡದ ಕಲ್ಲು ಹೇರಿಕೊಂಡೇ ಮುಳುಗಿತ್ತು. ಗಿಡ್ಡ ಕಂಬವೊಂದಿದೆ, ದಡದಿಂದ ಎಳೆಯುವವರ ಹಗ್ಗ ಕಟ್ಟಲು. ದೋಣಿಯವರ ಒಲೆ, ಊಟದ ಪಾತ್ರೆಗಳೂ ಸಿಕ್ಕಿವೆ. ಸೀಸರನದೆಂದು ಹೇಳುವ ಅಮೃತಶಿಲೆಯ ತಲೆಯೂ ಇದೇ ನದಿಯಲ್ಲಿ ಸಿಕ್ಕಿದ್ದು. ನಾನು ಹೆಚ್ಚು ಹೊತ್ತು ನಿಂತದ್ದು ಪಾತ್ರೆಗಳ ಮುಂದೆ.

ಆರ್ಲ್ ಬಳಿ ನದಿ ಕವಲೊಡೆದು, ಕೆಳಗೆ ಕಮಾರ್ಗ್ ಎಂಬ ಜೌಗು ನಾಡಾಗುತ್ತದೆ. ಬಿಳಿ ಕುದುರೆ, ಕಪ್ಪು ಗೂಳಿ, ರಾಜಹಂಸ. ಅವುಗಳ ನಡುವೆ ನಮ್ಮ ಕಣ್ಣಿಗೆ ತೀರಾ ಪರಿಚಿತವಾದ ಭತ್ತದ ಗದ್ದೆ. ಗೂಳಿಮಾಂಸವನ್ನು ವೈನಿನಲ್ಲಿ ನೆನೆಸಿ ಬೇಯಿಸಿದ ಗಾರ್ಡಿಯಾನ್‌ಗೆ ಇಲ್ಲಿಯ ಅನ್ನವೇ ಜೊತೆ. ಕೆಂಪಕ್ಕಿಯೂ ಸಿಗುತ್ತದೆ. ಭತ್ತ ಇಲ್ಲಿ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಫ್ರೆಂಚ್ ಸರ್ಕಾರ ಇಂಡೋಚೀನಾದಿಂದ ಸುಮಾರು 20,000 ಮಂದಿಯನ್ನು, ಬಹುತೇಕರನ್ನು ಬಲವಂತದಿಂದ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕರೆತಂದಿತ್ತು. ಫ್ರಾನ್ಸ್ ಸೋತ ಮೇಲೆ ಊರಿಗೆ ಮರಳಲಾಗದೆ ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಈ ಜೌಗಿಗೆ ತಂದರು. ನಾಟಿಯ ಕಸುಬು ಬಲ್ಲ ಆ ವಿಯೆಟ್ನಾಮಿ ರೈತರ ಕೈಯಲ್ಲಿ ಗದ್ದೆ ಎದ್ದಿತು. ಅವರ ನೆನಪಿಗೆ ಸಾಲಿನ್-ದ-ಜಿರೋ ಊರಿನಲ್ಲಿ ಸ್ಮಾರಕ ನಿಂತದ್ದು 2014ರಲ್ಲಿ. ನದಿ ಸಮುದ್ರ ಸೇರುವುದನ್ನು ನೋಡಲು ಹೋಗುವವರು ಆ ಊರಿನ ಮೇಲೆಯೇ ಹೋಗಬೇಕು. ದಯವಿಟ್ಟು ಅಲ್ಲಿ ಇಳಿಯಿರಿ.